ಗಂಡು ಸಂತಾನವಿಲ್ಲದ ಅರಮನೆಯಲ್ಲಿ ಬೆಳಗಿದ ಜ್ಯೋತಿ



ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಕೆಲವರು, ನಮಗೆ ಹೆಣ್ಣುಮಕ್ಕಳೇ ಹುಟ್ಟಿದರು, ಮುಂದೆ ಹೊಲಮನೆ ನೋಡುವವರಾರು ಎಂದು ನಮ್ಮೆದುರು ಕಣ್ಣೀರು ಹಾಕುವುದುಂಟು. ಅಂಥವರಿಗೆ ನಾವು ಓರುಗಲ್ಲಿನ ರುದ್ರಮದೇವಿಯ ಚರಿತ್ರೆಯನ್ನು ಹೇಳಿ ಕಳಿಸುತ್ತೇವೆ.

ಕಾಕತೀಯರು ಮೊದಲು ನಮ್ಮ ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದವರು. 1163ರ ಸುಮಾರಿಗೆ ಸ್ವತಂತ್ರರಾದರು. ಆ ವಂಶದ ಗಣಪತಿದೇವನು 1199ರಲ್ಲಿ ಪಟ್ಟವೇರಿ ಅರವತ್ತು ವರ್ಷಗಳಿಗೂ ಮಿಕ್ಕಿ ಆಳಿದನು. ಕೋಟೆ, ಕೆರೆ, ವ್ಯಾಪಾರ ಎಲ್ಲವೂ ಏಳಿಗೆ ಹೊಂದಿದವು. ಆದರೆ ಪಟ್ಟಕ್ಕೆ ಗಂಡು ಮಗನಿರಲಿಲ್ಲ. ಒಬ್ಬ ಮಗಳಾದ ಗಣಪಾಂಬೆಯನ್ನು ಕೋಟ ವಂಶದ ಬೇತರಾಜನಿಗೆ ಕೊಟ್ಟಾಗಿತ್ತು. ಉಳಿದವಳು ರುದ್ರಮ.

ಅರಸನು ವಿಧಿಯನ್ನು ಹಳಿಯುತ್ತ ಕೂಡಲಿಲ್ಲ. ಮಗಳನ್ನೇ ಪಟ್ಟಕ್ಕೆ ಸಿದ್ಧಗೊಳಿಸಿದನು. ಅಂತಃಪುರದ ಬಾಲೆಗೆ ಕತ್ತಿ ಹಿಡಿಯುವುದು, ಕುದುರೆ ಏರುವುದು, ರಾಜ್ಯದ ಲೆಕ್ಕ ನೋಡುವುದು ಪಾಠವಾಯಿತು. ಶಿವಭಕ್ತನಾದ ಮಂತ್ರಿ ಶಿವದೇವಯ್ಯನು ಆಕೆಗೆ ದಾರಿ ತೋರಿದನೆಂದು ಪರಂಪರೆ ಹೇಳುತ್ತದೆ. ತಂದೆ ಬದುಕಿರುವಾಗಲೇ ಆಕೆ ಅವನ ಜೊತೆಗೆ ಆಳತೊಡಗಿದಳು. ಹೆಣ್ಣಿನ ಆಳಿಕೆಯನ್ನು ಒಪ್ಪದ ಕಾಲವದು. ಆದ್ದರಿಂದ ಶಾಸನಗಳಲ್ಲಿ ಆಕೆಗೆ ರುದ್ರದೇವ ಮಹಾರಾಜ ಎಂಬ ಗಂಡು ಹೆಸರು. ಪುರುಷವೇಷದಲ್ಲೇ ಒಡ್ಡೋಲಗಕ್ಕೆ ಬರುತ್ತಿದ್ದಳೆಂದೂ ಹೇಳುತ್ತಾರೆ. ನಿಡದವೋಲಿನ ಚಾಲುಕ್ಯ ವೀರಭದ್ರನು ಆಕೆಯ ಕೈಹಿಡಿದನು.

1262ರ ಸುಮಾರಿಗೆ ರಾಜ್ಯಭಾರವೆಲ್ಲ ಆಕೆಯ ಹೆಗಲಿಗೆ ಬಿದ್ದಿತು. ಹೂವಿನ ಹಾಸಿಗೆಯಲ್ಲ ಅದು. ತಂದೆಯ ಕೊನೆಗಾಲದಲ್ಲಿ ಪಾಂಡ್ಯರಿಂದ ಸೋಲಾಗಿತ್ತು. ಒಳಗೆ ಬಂಧುಗಳೂ ಸಾಮಂತರೂ ತಲೆಯೆತ್ತಿದ್ದರು. ದೇವಗಿರಿಯ ಯಾದವ ಮಹಾದೇವನು ದಂಡೆತ್ತಿ ಬಂದನು. ರುದ್ರಮ ಎದೆಗುಂದಲಿಲ್ಲ. ಯಾದವರನ್ನು ಹಿಮ್ಮೆಟ್ಟಿಸಿದಳು. ಬೀದರದ ಕೋಟೆಯಲ್ಲಿ ದೊರೆತ ಶಾಸನವು ಆಕೆಯ ಪ್ರಭಾವ ನಮ್ಮ ನಾಡಿನ ಅಂಚಿಗೂ ಮುಟ್ಟಿತ್ತೆಂಬುದಕ್ಕೆ ಸಾಕ್ಷಿ. ಓರುಗಲ್ಲಿನ ಕಲ್ಲಿನ ಕೋಟೆಯನ್ನು ಎತ್ತರಿಸಿ ಭದ್ರಪಡಿಸಿದಳು. ಕುಲ ನೋಡದೆ ಯೋಗ್ಯತೆ ನೋಡಿ ಹೊಸಬರನ್ನು ನಾಯಕರನ್ನಾಗಿ ಬೆಳೆಸಿದಳು. ವೆನಿಸ್ ನಗರದ ಪ್ರವಾಸಿ ಮಾರ್ಕೊ ಪೋಲೊ ಆಕೆಯನ್ನು ಗಣಪತಿದೇವನ ವಿಧವೆಯೆಂದು ತಪ್ಪಾಗಿ ತಿಳಿದರೂ, ನ್ಯಾಯ ತಪ್ಪದ ಅರಸಿಯೆಂದು ಕೊಂಡಾಡಿದ್ದಾನೆ.

ಆಕೆಯ ಶಿವಭಕ್ತಿ ಬರಿಯ ಪೂಜೆಗೆ ನಿಲ್ಲಲಿಲ್ಲ. ತಂದೆಯೂ ಮಗಳೂ ಗೋಳಕಿ ಮಠದ ವಿಶ್ವೇಶ್ವರ ಶಿವಾಚಾರ್ಯರಿಗೆ ಕೃಷ್ಣಾತೀರದ ಮಂದಡ, ವೆಲಗಪೂಡಿ ಗ್ರಾಮಗಳನ್ನು ಕೊಟ್ಟುದನ್ನು 1261ರ ಮಲ್ಕಾಪುರ ಶಾಸನ ತಿಳಿಸುತ್ತದೆ. ಅಲ್ಲಿ ವಿದ್ಯಾಲಯವಿತ್ತು, ಆರೋಗ್ಯಶಾಲೆಯಿತ್ತು, ಬಸುರಿ ಬಾಣಂತಿಯರಿಗಾಗಿ ಪ್ರಸೂತಿಶಾಲೆಯಿತ್ತು. ಜಾತಿಯ ತಡೆಯಿಲ್ಲದೆ ಹಸಿದು ಬಂದವರಿಗೆಲ್ಲ ಅನ್ನವಿತ್ತು. ದಾಸೋಹವೆಂದರೆ ಏನೆಂದು ಬಲ್ಲ ನಮಗೆ ಇದನ್ನು ಕೇಳಿ ಹೃದಯ ತುಂಬಿ ಬರುತ್ತದೆ.

ಆಕೆಗೂ ಗಂಡು ಸಂತಾನವಾಗಲಿಲ್ಲ. ಮಗಳು ಮುಮ್ಮಡಮ್ಮನ ಮಗನಾದ ಪ್ರತಾಪರುದ್ರನನ್ನು ದತ್ತು ಪಡೆದು ಮುಂದಿನ ಪಟ್ಟಕ್ಕೆ ಸಿದ್ಧಗೊಳಿಸಿದಳು. ತನಗೆ ತಂದೆ ಮಾಡಿದುದನ್ನೇ ಮೊಮ್ಮಗನಿಗೆ ಮಾಡಿದಳು. ಸಾಮಂತ ಅಂಬದೇವನು ದಂಗೆಯೆದ್ದಾಗ ನಡೆದ ಯುದ್ಧದಲ್ಲಿ, ಸೇನಾನಿ ಮಲ್ಲಿಕಾರ್ಜುನ ನಾಯಕನೊಡನೆ ಆಕೆ ಮಡಿದಳೆಂದು ವಿದ್ವಾಂಸರು ಊಹಿಸುತ್ತಾರೆ. ಅವರಿಬ್ಬರೂ ಶಿವನಲ್ಲಿ ಸೇರಿದರೆಂದು ಸೇವಕನೊಬ್ಬನು ಭೂದಾನ ಮಾಡಿದ 1289ರ ಶಾಸನ ಚಂದುಪಟ್ಲದಲ್ಲಿ ದೊರೆತಿದೆ. ಒಡತಿಗಾಗಿ ಆಳು ಮಾಡಿದ ಆ ದಾನಕ್ಕಿಂತ ದೊಡ್ಡ ಕೀರ್ತಿ ಬೇರೆ ಬೇಕೆ?

ಗಣಪತಿದೇವನು ಗಂಡು ಮಗನಿಲ್ಲವೆಂದು ಕೊರಗಿ ಕುಳಿತಿದ್ದರೆ ಓರುಗಲ್ಲು ಅಂದೇ ಹಾಳಾಗುತ್ತಿತ್ತು. ಅಂದು ಆಕೆ ಗಂಡಿನ ಹೆಸರು ಹೊರಬೇಕಾಯಿತು. ಇಂದು ನಿಮ್ಮ ಮಗಳಿಗೆ ಆ ಹಂಗಿಲ್ಲ. ಪಿತ್ರಾರ್ಜಿತದಲ್ಲಿ ಕಾನೂನೂ ಆಕೆಗೆ ಸಮಪಾಲು ಕೊಟ್ಟಿದೆ. ಪಾಲು ಕಾಗದದಲ್ಲಿದ್ದರೆ ಸಾಲದು. ಹೊಲದ ಮೇರೆ, ಬ್ಯಾಂಕಿನ ಪಾಸ್‌ಬುಕ್ಕು, ಪಹಣಿ ಪತ್ರ ಇವನ್ನು ಆಕೆಗೆ ತೋರಿಸಿಕೊಡುವವರು ನೀವೇ ಆಗಬೇಕು. ಮುಂದಿನ ಸಲ ಶ್ರೀಮಠಕ್ಕೆ ಬರುವಾಗ ಕಣ್ಣೀರನ್ನು ಮನೆಯಲ್ಲಿ ಬಿಟ್ಟು, ಮಗಳನ್ನು ಕೈಹಿಡಿದು ಕರೆತನ್ನಿರಿ.

ಸರ್ವರಿಗೂ ಸನ್ಮಂಗಳವಾಗಲಿ.