ನಜ್ಜಾಶಿಯ ಆಶ್ರಯ

ಜೀವಭಯದಿಂದ ಊರು ಬಿಟ್ಟು ಬಂದವನನ್ನು ಇಟ್ಟುಕೊಳ್ಳುವುದೋ ಹಿಂದಕ್ಕೆ ಕಳಿಸುವುದೋ ಎಂದು ತೀರ್ಮಾನವಾಗುವ ತನಕ ಅವನು ಎಲ್ಲಿರಬೇಕು, ಏನು ತಿನ್ನಬೇಕು? ಬ್ರಿಟನ್ 1999ರಲ್ಲಿ ಇದಕ್ಕೊಂದು ಕಾನೂನು ಮಾಡಿ, ಗತಿಯಿಲ್ಲದ ಅರ್ಜಿದಾರರಿಗೆ ವಸತಿ ಮತ್ತು ಖರ್ಚಿನ ಸಣ್ಣ ಮೊತ್ತದ ಏರ್ಪಾಡು ಮಾಡಿತು. ಅಂತಹ ಯಾವ ಕಾನೂನೂ ಇಲ್ಲದ ಕಾಲದಲ್ಲಿ ಇದೇ ಪ್ರಶ್ನೆ ಅಬಿಸೀನಿಯಾದ ಕ್ರೈಸ್ತ ದೊರೆ ಅಸ್‌ಹಮನ ಮುಂದೆ ಬಂದಿತ್ತು. ನಜ್ಜಾಶಿ ಎಂಬುದು ಅಲ್ಲಿನ ಅರಸರ ಬಿರುದು.

ಅವನ ಬಾಲ್ಯದ ಕಥೆಯನ್ನು ಆಯಿಶಾ(ರ) ತಿಳಿಸಿದ್ದಾಗಿ ಸೀರತ್ ಗ್ರಂಥಗಳಲ್ಲಿದೆ. ಪ್ರಜೆಗಳು ಅವನ ತಂದೆಯನ್ನು ಕೊಂದು ಚಿಕ್ಕಪ್ಪನನ್ನು ಪಟ್ಟಕ್ಕೇರಿಸಿದರು. ಬುದ್ಧಿವಂತನಾದ ಈ ಹುಡುಗ ಮುಂದೆ ಸೇಡು ತೀರಿಸಿಯಾನು ಎಂದು ಹೆದರಿ ಅವನನ್ನು 600 ದಿರ್ಹಮ್‌ಗೆ ಒಬ್ಬ ವ್ಯಾಪಾರಿಗೆ ಮಾರಿದರು. ಅದೇ ದಿನ ಸಂಜೆ ಚಿಕ್ಕಪ್ಪ ಸಿಡಿಲು ಬಡಿದು ಸತ್ತ. ಅವನ ಮಕ್ಕಳಲ್ಲಿ ಯಾರೂ ಆಳಲು ಯೋಗ್ಯರಿರಲಿಲ್ಲ. ಮಾರಿದವರೇ ಓಡಿ ಹೋಗಿ ಹುಡುಗನನ್ನು ಕರೆತಂದು ಕಿರೀಟ ತೊಡಿಸಿದರು. ಹಣ ಕಳಕೊಂಡ ವ್ಯಾಪಾರಿ ಬಂದು ದೂರು ಕೊಟ್ಟಾಗ, ಅವನ ಹಣ ಹಿಂದಿರುಗಿಸುವಂತೆ ಆಜ್ಞಾಪಿಸಿದ್ದೇ ಅರಸನ ಮೊದಲ ತೀರ್ಪು.

ಪ್ರವಾದಿತ್ವದ ಐದನೆಯ ವರ್ಷ, ಕ್ರಿ.ಶ. 615ರ ಸುಮಾರಿಗೆ, ಮಕ್ಕಾದ ಹಿಂಸೆ ತಾಳಲಾರದೆ ಮುಸ್ಲಿಮರು ಪ್ರವಾದಿವರ್ಯರ(ಸ) ಸೂಚನೆಯಂತೆ ಕಡಲು ದಾಟಿ ಅವನ ನಾಡಿಗೆ ಬಂದರು. ಕ್ರಮೇಣ ಅಲ್ಲಿ ಸೇರಿದ ಪುರುಷರೇ 80ಕ್ಕೂ ಹೆಚ್ಚು. ಕುರೈಶರು ಸುಮ್ಮನಿರಲಿಲ್ಲ. ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಅರು ಮಕ್ಕಾದ ಉತ್ತಮ ತೊಗಲಿನ ಕಾಣಿಕೆಗಳೊಂದಿಗೆ ಬಂದು, ಮೊದಲು ಆಸ್ಥಾನದ ಧರ್ಮಗುರುಗಳನ್ನು ಒಲಿಸಿಕೊಂಡರು. ವಲಸಿಗರ ಮಾತು ಕೇಳದೆಯೇ ಅವರನ್ನು ಒಪ್ಪಿಸಿಬಿಡಬೇಕೆಂಬುದು ಅವರ ಹಂಚಿಕೆ. ಅರಸನಿಗೆ ಸಿಟ್ಟು ಬಂತು. ತನ್ನ ನೆರೆಯನ್ನು ಬಯಸಿ ಬಂದವರನ್ನು ವಿಚಾರಿಸದೆ ಬಿಟ್ಟುಕೊಡಲು ಅವನು ಒಪ್ಪಲಿಲ್ಲ.

ಜಅ್‌ಫರ್ ಬಿನ್ ಅಬೀ ತಾಲಿಬ್(ರ) ಎಲ್ಲರ ಪರವಾಗಿ ಮಾತಾಡಿದರು, ಸೂರಃ ಮರ್ಯಮ್ ಓದಿದರು. ಅರಸನ ಗಡ್ಡ ಕಣ್ಣೀರಿನಿಂದ ತೊಯ್ದಿತು. ಮರುದಿನ ಅಮ್ರ್, ಇವರು ಈಸಾರ(ಅ) ಬಗ್ಗೆ ಅಪಚಾರ ನುಡಿಯುವವರೆಂದು ಮತ್ತೆ ಚಾಡಿ ಹೇಳಿದರು. ಆ ರಾತ್ರಿ ವಲಸಿಗರು ಎಷ್ಟು ತಲ್ಲಣಿಸಿರಬಹುದು, ನೀವೇ ಊಹಿಸಿರಿ! ಆದರೂ ಜಅ್‌ಫರ್(ರ) ತಮ್ಮ ನಂಬಿಕೆಯನ್ನು ಮರೆಮಾಚದೆ ಹೇಳಿದರು. ಅರಸ ಕಾಣಿಕೆಗಳನ್ನು ಹಿಂದಿರುಗಿಸಿ, ಇವರನ್ನು ನಿಂದಿಸಿದವರು ದಂಡ ತೆರಬೇಕೆಂದು ಸಾರಿದ.

ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವುದು ಇನ್ನೊಂದು ಘಟನೆ. ಅರಸನ ವಿರುದ್ಧ ದಂಗೆ ಎದ್ದಾಗ ಅವನು ತನ್ನ ಸಿಂಹಾಸನವೇ ಅಲುಗುತ್ತಿದ್ದರೂ ವಲಸಿಗರಿಗಾಗಿ ಹಡಗುಗಳನ್ನು ಸಜ್ಜುಗೊಳಿಸಿದ. ತಾನು ಸೋತರೆ ಅವರು ಇಷ್ಟವಿದ್ದಲ್ಲಿಗೆ ಹೋಗಬಹುದು, ಗೆದ್ದರೆ ಉಳಿಯಬಹುದು. ಅವನೇ ಗೆದ್ದ. ಅವನ ಆಶ್ರಯದಲ್ಲಿ ಸಂಸಾರಗಳು ಬೆಳೆದವು. ಜಅ್‌ಫರರ(ರ) ಮಗ ಅಬ್ದುಲ್ಲಾ ಹುಟ್ಟಿದ್ದು ಅಲ್ಲಿಯೇ. ಉಮ್ಮು ಹಬೀಬಾರ(ರ) ವಿವಾಹ ಪ್ರವಾದಿವರ್ಯರೊಂದಿಗೆ(ಸ) ಆದಾಗ ಮಹ್ರ್ ಕೊಟ್ಟವನೂ ಅವನೇ. ಹಿಜರಿ 7ರಲ್ಲಿ (ಕ್ರಿ.ಶ. 628) ಉಳಿದವರನ್ನು ಎರಡು ಹಡಗುಗಳಲ್ಲಿ ಕಳಿಸಿಕೊಟ್ಟ.

ಹಿಜರಿ 9ರಲ್ಲಿ ಅವನು ತೀರಿಕೊಂಡನೆಂದು ಹೇಳಲಾಗಿದೆ. ಆ ಸುದ್ದಿಯನ್ನು ಪ್ರವಾದಿವರ್ಯರು(ಸ) ಅದೇ ದಿನ ಮದೀನಾದಲ್ಲಿ ತಿಳಿಸಿ, ಅನುಯಾಯಿಗಳನ್ನು ಸಾಲಾಗಿ ನಿಲ್ಲಿಸಿ ಅವನಿಗಾಗಿ ಜನಾಝಾ ನಮಾಝ್ ನಿರ್ವಹಿಸಿದರು. ಅವನ ಹೆಸರಿನ ಮಸೀದಿ ಇಥಿಯೋಪಿಯಾದ ಟಿಗ್ರೆ ಪ್ರಾಂತ್ಯದ ನೆಗಾಶ್‌ನಲ್ಲಿದೆ. 2020ರ ಯುದ್ಧದಲ್ಲಿ ಅದಕ್ಕೂ ಗುಂಡುಗಳು ತಾಗಿದವು. ಆ ಪ್ರಾಂತ್ಯದ ಸಾವಿರಾರು ಮಂದಿ ಹೊಳೆ ದಾಟಿ ಸುಡಾನಿನಲ್ಲಿ ಆಶ್ರಯ ಕೇಳಿದರು.