ಶೃಂಗೇರಿಯಿಂದ ನಾಗ್ಪುರಕ್ಕೆ: 18 ಅಂಕಿಗಳ ಸಂಖ್ಯೆ ಮತ್ತು ಭಾರತೀಕೃಷ್ಣ ತೀರ್ಥರ ಗಣಿತ

ನಾಗ್ಪುರ: 1ನ್ನು 19ರಿಂದ ಭಾಗಿಸಿದರೆ ದಶಮಾಂಶ ಬಿಂದುವಿನ ನಂತರ 052631578947368421 ಎಂಬ 18 ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಭಾಗಾಕಾರವನ್ನೇ ಮಾಡದೆ ಈ ಸಂಖ್ಯೆಯನ್ನು ಒಂದೇ ಸಾಲಿನಲ್ಲಿ ಬರೆಯುವ ದಾರಿ ತೋರಿಸಿದವರು ಪುರಿ ಗೋವರ್ಧನ ಮಠದ ಶಂಕರಾಚಾರ್ಯ ಭಾರತೀಕೃಷ್ಣ ತೀರ್ಥರು. ವೇದಗಣಿತ ಎಂಬ ಹೆಸರು ಮನೆಮಾತಾಗಿದ್ದು ಇವರಿಂದಲೇ.

1884ರ ಮಾರ್ಚ್‌ನಲ್ಲಿ ಜನಿಸಿದ ಇವರ ಪೂರ್ವಾಶ್ರಮದ ಹೆಸರು ವೆಂಕಟರಾಮನ್. ರಾಜಮಹೇಂದ್ರಿಯ ರಾಷ್ಟ್ರೀಯ ಕಾಲೇಜಿನ ಪ್ರಾಂಶುಪಾಲರಾಗಿದ್ದವರು 1911ರಲ್ಲಿ ಆ ಹುದ್ದೆ ಬಿಟ್ಟು ಶೃಂಗೇರಿಗೆ ಬಂದರು. ಅಲ್ಲಿ ಸುಮಾರು ಎಂಟು ವರ್ಷ ವೇದಾಂತ ಅಧ್ಯಯನ, ತಪಸ್ಸಿನಲ್ಲಿ ಕಳೆದರು. ಗಣಿತದ 16 ಸೂತ್ರಗಳು ಹೊಳೆದಿದ್ದು ಆ ಕಾಲದಲ್ಲೇ ಎನ್ನಲಾಗುತ್ತದೆ. 1919ರಲ್ಲಿ ಕಾಶಿಯಲ್ಲಿ ಸನ್ಯಾಸ ಸ್ವೀಕರಿಸಿ, 1921ರಲ್ಲಿ ದ್ವಾರಕಾ ಪೀಠಾಧಿಪತಿಯಾದರು. ಅದೇ ವರ್ಷ ಕರಾಚಿಯಲ್ಲಿ ಅಲಿ ಸಹೋದರರ ಜತೆ ಬ್ರಿಟಿಷರ ವಿಚಾರಣೆ ಎದುರಿಸಿ ಖುಲಾಸೆಗೊಂಡರು. 1925ರಲ್ಲಿ ಪುರಿ ಪೀಠವೇರಿದರು.

ಎರಡರ ಮಗ್ಗಿ ಬಂದರೆ ಸಾಕು

ಇವರ ಏಕಾಧಿಕ ಸೂತ್ರ ಸರಳ. 19ರಲ್ಲಿ 9ರ ಹಿಂದಿನ ಅಂಕಿ 1, ಅದಕ್ಕೆ ಒಂದು ಕೂಡಿಸಿದರೆ 2. ಬಲತುದಿಯಲ್ಲಿ 1 ಬರೆದು, ಎರಡರಿಂದ ಗುಣಿಸುತ್ತಾ ಎಡಕ್ಕೆ ಸಾಗಬೇಕು: 1, 2, 4, 8. ಮುಂದೆ 16 ಬಂದಾಗ 6 ಬರೆದು ದಶಕ 1 ಇಟ್ಟುಕೊಂಡರೆ, ನಂತರದ್ದು 13. ಹೀಗೆ 18 ಅಂಕಿಗಳೂ ಸಿಗುತ್ತವೆ.

ಈ ಸಂಖ್ಯೆಯನ್ನು 19ರಿಂದ ಗುಣಿಸಿದರೆ 18 ಒಂಬತ್ತುಗಳು. ಒಂಬತ್ತೊಂಬತ್ತು ಅಂಕಿಗಳಂತೆ ಎರಡು ಭಾಗ ಮಾಡಿ ಕೂಡಿದರೆ 999999999. ಎರಡರಿಂದ ಗುಣಿಸಿದರೆ ಕೊನೆಯ 1 ಎದ್ದು ಮುಂದೆ ಬಂದು ಕೂರುತ್ತದೆ, ಉಳಿದ ಅಂಕಿಗಳ ಸಾಲು ಕದಲುವುದಿಲ್ಲ.

ಕಳೆದುಹೋದ ಹಸ್ತಪ್ರತಿ

1953ರಲ್ಲಿ ನಾಗ್ಪುರದಲ್ಲಿ ವಿಶ್ವ ಪುನರ್ನಿರ್ಮಾಣ ಸಂಘ ಸ್ಥಾಪನೆಯಾಯಿತು. ಸ್ವಾಮೀಜಿ ಒಂದೊಂದು ಸೂತ್ರಕ್ಕೆ ಒಂದರಂತೆ 16 ಸಂಪುಟ ಬರೆದಿದ್ದರು, ಶಿಷ್ಯರೊಬ್ಬರ ಮನೆಯಲ್ಲಿಟ್ಟಿದ್ದ ಅವೆಲ್ಲ ಕಳೆದುಹೋದವು ಎಂದು ಶಿಷ್ಯೆ ಮಂಜುಳಾ ತ್ರಿವೇದಿ ದಾಖಲಿಸಿದ್ದಾರೆ. ಇಳಿವಯಸ್ಸಿನಲ್ಲಿ, ಕಣ್ಣು ಮಂಜಾಗುತ್ತಿದ್ದರೂ, ನೆನಪಿನಿಂದಲೇ ಒಂದು ಸಂಪುಟವನ್ನು ಮತ್ತೆ ಬರೆದರು. 1958ರಲ್ಲಿ ಅಮೆರಿಕ ಪ್ರವಾಸ ಮಾಡಿ ಬಂದ ಅವರು 1960ರ ಫೆಬ್ರವರಿ 2ರಂದು ಮುಂಬೈನಲ್ಲಿ ನಿಧನರಾದರು. ಪುಸ್ತಕ ಪ್ರಕಟವಾಗಿದ್ದು 1965ರಲ್ಲಿ.

ವಿವಾದ ಇಂದಿಗೂ ಮುಗಿದಿಲ್ಲ. ಸೂತ್ರಗಳು ಅಥರ್ವವೇದದ ಪರಿಶಿಷ್ಟದಲ್ಲಿವೆ ಎಂದು ಅವರು ಹೇಳುತ್ತಿದ್ದರು. ಲಖನೌದ ಗಣಿತ ಇತಿಹಾಸ ತಜ್ಞ ಕೃಪಾಶಂಕರ ಶುಕ್ಲ ಮುದ್ರಿತ ಪರಿಶಿಷ್ಟವನ್ನೇ ಮುಂದಿಟ್ಟು ಕೇಳಿದಾಗ, ಇವು ತಮ್ಮದೇ ಪರಿಶಿಷ್ಟದಲ್ಲಿವೆ, ಬೇರೆಡೆ ಇಲ್ಲ ಎಂಬರ್ಥದ ಉತ್ತರ ಕೊಟ್ಟರು. ವೇದದ ಯಾವ ಪಾಠದಲ್ಲೂ ಅವು ಸಿಕ್ಕಿಲ್ಲ. ಸಂಪಾದಕ ವಾಸುದೇವಶರಣ ಅಗ್ರವಾಲರೂ ಪುಸ್ತಕದಲ್ಲೇ ಇದನ್ನು ಒಪ್ಪಿಕೊಂಡಿದ್ದಾರೆ.

ಹಾಗಾಗಿ ವೇದ ಎಂಬ ಹೆಸರಿಗೆ ಆಧಾರ ಸಾಲದು. ಆದರೆ ಲೆಕ್ಕ ತಪ್ಪಲ್ಲ. 10ನ್ನು 2ರಿಂದ ಗುಣಿಸಿ 19ರಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ. ಎರಡರ ಮಗ್ಗಿ ಇಲ್ಲಿ ಕೆಲಸ ಮಾಡುವುದಕ್ಕೆ ಅಷ್ಟೇ ಕಾರಣ, ಅದನ್ನು ಶಾಲಾ ಮಕ್ಕಳೂ ಪರೀಕ್ಷಿಸಿ ನೋಡಬಹುದು.