ಸಂತ ಶಿಶುನಾಳ ಷರೀಫರು

ಸುಗಮ ಸಂಗೀತ ಕ್ಷೇತ್ರದಲ್ಲಿ ಗಣನೀಯ ಸೇವೆ ಸಲ್ಲಿಸಿದ ಕಲಾವಿದರಿಗೆ ಕರ್ನಾಟಕ ಸರ್ಕಾರವು ನೀಡುವ ಪ್ರಶಸ್ತಿಗೆ ಸಂತ ಶಿಶುನಾಳ ಷರೀಫರ ಹೆಸರನ್ನು ಇಡಲಾಗಿದೆ. ಪ್ರಶಸ್ತಿಯ ಹೆಸರನ್ನು ಬಲ್ಲವರೆಲ್ಲರೂ ಆ ಹೆಸರಿನ ಹಿಂದಿರುವ ವ್ಯಕ್ತಿಯ ಬದುಕನ್ನು ಬಲ್ಲವರಲ್ಲ. ಆದ್ದರಿಂದ ಸಾರ್ವಜನಿಕರ ಮಾಹಿತಿಗಾಗಿ ಷರೀಫರ ಜೀವನದ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಷರೀಫರು 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳ ಗ್ರಾಮದಲ್ಲಿ ಜನಿಸಿದರು. ಹಾವೇರಿಯು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ; ಅದಕ್ಕೂ ಮೊದಲು ಈ ಭಾಗವು ಧಾರವಾಡ ಜಿಲ್ಲೆಗೆ ಸೇರಿತ್ತು. ಷರೀಫರು ಹುಟ್ಟುವ ಹಿಂದಿನ ವರ್ಷವಷ್ಟೇ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆಯು ಕಂಪನಿ ಸರ್ಕಾರದ ವಶವಾಗಿತ್ತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ತಂದೆಯವರು ಹುಲಗೂರಿನ ಖಾದರಿ ಸೂಫಿ ಸಂತರ ಭಕ್ತರಾಗಿದ್ದರು. ಆ ಸಂತರ ಆಶೀರ್ವಾದದಿಂದಲೇ ಈ ಮಗು ಜನಿಸಿತೆಂದು ಸುತ್ತಲಿನ ಜನರು ಇಂದಿಗೂ ನಂಬುತ್ತಾರೆ. ಮನೆಯಲ್ಲಿ ಕುರಾನಿನ ಜೊತೆಗೆ ರಾಮಾಯಣ, ಮಹಾಭಾರತ ಹಾಗೂ ಅಲ್ಲಮಪ್ರಭುವಿನ ವಿಚಾರಗಳೂ ಮಗನ ಕಿವಿಗೆ ಬೀಳುತ್ತಿದ್ದವು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಂದು ಇದು ಅಷ್ಟೇನೂ ವಿಶೇಷವಾದ ಸಂಗತಿಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಶರಣರ ಮಠ, ಬಸವಣ್ಣನ ಗುಡಿ, ಮೊಹರಂ ಪಂಜಾ ಮೂರೂ ಒಂದೇ ಊರಿನವಾಗಿದ್ದು, ಊರಿನ ಜನರೆಲ್ಲರೂ ಮೂರಕ್ಕೂ ನಡೆದುಕೊಳ್ಳುತ್ತಿದ್ದರು.

ಮುಲ್ಕಿ ಪರೀಕ್ಷೆಯನ್ನು ಮುಗಿಸಿದ ಷರೀಫರು ಸುತ್ತಮುತ್ತಲಿನ ಹಳ್ಳಿಗಳಲ್ಲಿ ಶಾಲಾ ಮಾಸ್ತರರಾಗಿ ಕೆಲವು ಕಾಲ ಸೇವೆ ಸಲ್ಲಿಸಿದರು. ಸರ್ಕಾರಿ ಸಂಬಳದ ನೌಕರಿಯು ಆ ಕಾಲದಲ್ಲಿ ಬಡ ಕುಟುಂಬಕ್ಕೆ ದೊಡ್ಡ ಆಸರೆಯೇ ಸರಿ. ಆದರೂ ಅವರು ಅದನ್ನು ಬಿಟ್ಟು ಗುರುವನ್ನು ಅರಸಿ ಹೊರಟರು. ನೌಕರಿಯ ಬೆಲೆಯನ್ನು ಬಲ್ಲವರಿಗೆ ಈ ನಿರ್ಧಾರದ ತೂಕವು ತಿಳಿಯುತ್ತದೆ.

ಅವರಿಗೆ ದೊರೆತ ಗುರು ಕಳಸದ ಗೋವಿಂದ ಭಟ್ಟರು. ಕಳಸವು ಈಗಿನ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿದೆ. ಭಟ್ಟರು ಬ್ರಾಹ್ಮಣರಾದರೂ ಮಡಿ, ಮೈಲಿಗೆ, ಜಾತಿಗಳ ಕಟ್ಟುಪಾಡುಗಳನ್ನು ಲೆಕ್ಕಿಸದೆ ನಡೆಯುತ್ತಿದ್ದ ಅವಧೂತರು. ಮೊದಲ ಭೇಟಿಯ ಕುರಿತು ಒಂದು ಕಥೆಯು ಪ್ರಚಲಿತದಲ್ಲಿದೆ. ಭಟ್ಟರು ಹುಡುಗನಿಗೆ ತಂದೆ ಯಾರೆಂದು ಕೇಳಲಾಗಿ, ನಿಮ್ಮ ತಂದೆ ಯಾರೋ ಅವನೇ ನನ್ನ ತಂದೆಯೂ ಹೌದು ಎಂಬ ಅರ್ಥದ ಉತ್ತರ ಬಂದಿತಂತೆ. ನೆರೆದವರು ಇದನ್ನು ಉದ್ಧಟತನವೆಂದು ತಿಳಿದರೂ ಭಟ್ಟರು ಸಂತೋಷಪಟ್ಟು ಶಿಷ್ಯನನ್ನಾಗಿ ಸ್ವೀಕರಿಸಿದರೆಂದು ಹೇಳುತ್ತಾರೆ.

ಗುರುಶಿಷ್ಯರು ಜೊತೆಯಲ್ಲಿ ತಿರುಗಿದರು, ಜೊತೆಯಲ್ಲಿ ಉಂಡರು. ಇದರ ಪರಿಣಾಮವನ್ನು ಇಬ್ಬರೂ ಅನುಭವಿಸಬೇಕಾಯಿತು. ಭಟ್ಟರನ್ನು ಅವರ ಸಮುದಾಯದವರು ದೂರವಿಟ್ಟರು; ಷರೀಫರನ್ನು ಅವರ ಮತದವರು ಆಕ್ಷೇಪಿಸಿದರು. ಆಕ್ಷೇಪಣೆಗಳಿಗೆ ಉತ್ತರವೆಂಬಂತೆ ಭಟ್ಟರು ಷರೀಫರ ಕೊರಳಿಗೆ ಜನಿವಾರವನ್ನೇ ಹಾಕಿದರು. ಈ ಪ್ರಸಂಗವನ್ನು ಕುರಿತು ಷರೀಫರು ಪದವನ್ನೂ ರಚಿಸಿದ್ದಾರೆ. ಅವರು ತಮ್ಮ ಮತವನ್ನು ಬಿಟ್ಟುಕೊಟ್ಟರೆಂದು ಇದರಿಂದ ತಿಳಿಯಬಾರದು. ಜನಿವಾರ ಧರಿಸಿದ ಇದೇ ಷರೀಫರು ಕರ್ಬಲಾದ ದುಃಖವನ್ನು ಹಾಡುವ ಮೊಹರಂ ಪದಗಳನ್ನೂ ರಚಿಸಿ ಅಲಾವಿ ಕುಣಿತದವರಿಗೆ ಕೊಟ್ಟರು. ಮತಗಳನ್ನು ಕಲಸಿ ಹೊಸದೊಂದು ಮತವನ್ನು ಮಾಡುವುದು ಅವರ ಉದ್ದೇಶವಾಗಿದ್ದಂತೆ ಕಾಣುವುದಿಲ್ಲ. ಯಾವ ಬಾಗಿಲಿನಿಂದ ಹೋದರೂ ಒಳಗಿರುವವನು ಒಬ್ಬನೇ ಎಂಬುದನ್ನು ಅವರು ಸ್ವತಃ ನಡೆದು ತೋರಿಸಿದರು.

ಕುಟುಂಬ ಜೀವನದಲ್ಲಿ ಷರೀಫರಿಗೆ ಹೆಚ್ಚಿನ ಸುಖ ದೊರೆಯಲಿಲ್ಲ. ಕುಂದಗೋಳದ ಫಾತಿಮಾ ಅವರೊಡನೆ ವಿವಾಹವಾಯಿತು. ಹುಟ್ಟಿದ ಮಗಳೂ ಬಳಿಕ ಪತ್ನಿಯೂ ತೀರಿಕೊಂಡರು. ನಂತರ ಅವರು ಮತ್ತೆ ಸಂಸಾರ ಹೂಡದೆ ಸಾಧುಸಂತರ ಸಹವಾಸದಲ್ಲಿ ದಿನ ಕಳೆದರು. ನವಲಗುಂದದ ಅಜಾತ ನಾಗಲಿಂಗ ಸ್ವಾಮಿಗಳು ಮತ್ತು ಗರಗದ ಮಡಿವಾಳಪ್ಪನವರು ಅವರ ಸಮಕಾಲೀನ ಒಡನಾಡಿಗಳು.

ಷರೀಫರು ದೈವಾನುಭವವನ್ನು ಹೇಳಿದ ರೀತಿಯು ವಿಶಿಷ್ಟವಾದುದು. ಮಳೆಗೆ ಸೋರುವ ಮನೆ, ತಂಬೂರಿ, ನೀರು ಹೊರುವ ಹೆಣ್ಣುಮಗಳು, ಹೊಲದ ಬೆಳೆ ಇವೇ ಅವರ ಸಾಮಗ್ರಿ. ಸೋರುವ ಮನೆಯೆಂದರೆ ಈ ದೇಹ, ತಂಬೂರಿಯನ್ನು ಶ್ರುತಿಗೂಡಿಸುವವನು ಸಾಧಕ ಎಂದು ತಿಳಿದವರು ಅರ್ಥ ಹೇಳುತ್ತಾರೆ. ಅರ್ಥ ತಿಳಿಯದವರೂ ಹಾಡಿಕೊಂಡು ತಲೆದೂಗುತ್ತಾರೆ. ಹುಬ್ಬಳ್ಳಿಯಲ್ಲಿ ಹೊಸದಾಗಿ ಬಂದ ನೂಲಿನ ಗಿರಣಿಯನ್ನು ಕಂಡಾಗ ಅದನ್ನೂ ಅವರು ಪದವಾಗಿಸಿದರು. ಪದಗಳ ಅಂಕಿತ ಶಿಶುನಾಳಧೀಶ, ಅಂದರೆ ತಮ್ಮೂರಿನ ಬಸವಣ್ಣ. ಈ ಪದಗಳು ಅವರ ಕಾಲದಲ್ಲಿ ಪುಸ್ತಕವಾಗಿ ಅಚ್ಚಾದವುಗಳಲ್ಲ; ಭಜನಾ ಮೇಳಗಳವರ ಬಾಯಲ್ಲಿ, ಕೈಬರಹದ ವಹಿಗಳಲ್ಲಿ ಉಳಿದು ಬಂದವುಗಳು. ಆದ್ದರಿಂದಲೇ ಒಂದೇ ಪದಕ್ಕೆ ಊರಿಗೊಂದು ಪಾಠವಿದೆ.

1889ರಲ್ಲಿ ತಮ್ಮ 70ನೆಯ ವಯಸ್ಸಿನಲ್ಲಿ ಷರೀಫರು ದೇಹತ್ಯಾಗ ಮಾಡಿದರು. ಕೊನೆಗಾಲದಲ್ಲಿ ಜಂಗಮರ ಪಾದವನ್ನು ತಲೆಯ ಮೇಲೆ ಇರಿಸಿಕೊಂಡು ಶರಣ ಪದ್ಧತಿಯಂತೆ ವಿಮೋಚನೆ ಬಯಸಿದರೆಂದು ಹೇಳಲಾಗುತ್ತದೆ. ಅಂತ್ಯಕ್ರಿಯೆಯು ಯಾವ ಪದ್ಧತಿಯಂತೆ ಆಗಬೇಕೆಂಬ ಪ್ರಶ್ನೆ ಬಂದಾಗ ಎರಡೂ ಸಮುದಾಯದವರು ಕೂಡಿ, ಒಂದು ಬದಿಯಲ್ಲಿ ಕುರಾನ್ ಪಠಣ, ಇನ್ನೊಂದು ಬದಿಯಲ್ಲಿ ಮಂತ್ರಪಠಣದೊಂದಿಗೆ ಅದನ್ನು ನೆರವೇರಿಸಿದರು. ಬದುಕಿರುವಾಗ ಆಕ್ಷೇಪಿಸಿದ ಎರಡು ಕಡೆಯವರೂ ಆ ದಿನ ತಮ್ಮವರೆಂದು ಹಕ್ಕು ಸಾಧಿಸಿದ್ದು ಸಣ್ಣ ಸಂಗತಿಯಲ್ಲ.

ಹಳೆಯ ಮೈಸೂರಿನ ಭಾಗಕ್ಕೆ ಷರೀಫರು ಹೆಚ್ಚಾಗಿ ಪರಿಚಿತರಾದದ್ದು ಸಿ. ಅಶ್ವಥ್ ಅವರ ರಾಗಸಂಯೋಜನೆ ಮತ್ತು ಗಾಯನದಿಂದ. ಟಿ.ಎಸ್. ನಾಗಾಭರಣ ಅವರ ನಿರ್ದೇಶನದ 1990ರ ಚಲನಚಿತ್ರದಲ್ಲಿ ಶ್ರೀಧರ್ ಷರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ಅಭಿನಯಿಸಿದರು. ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯತೆಗಾಗಿ ಆಗ ಇದ್ದ ನರ್ಗಿಸ್ ದತ್ ಪ್ರಶಸ್ತಿಯು ದೊರೆಯಿತು. ಇಂದು ಸುಬ್ರಹ್ಮಣ್ಯಪುರ, ಬನಶಂಕರಿ, ಜಯನಗರದಂತಹ ಬಡಾವಣೆಗಳ ರಾಜ್ಯೋತ್ಸವ ವೇದಿಕೆಗಳಲ್ಲಿ ಧಾರವಾಡ ಸೀಮೆಯ ಆಡುಮಾತಿನ ಆ ಪದಗಳನ್ನು ಬೆಂಗಳೂರಿನ ಮಕ್ಕಳು ಹಾಡುತ್ತಾರೆ.

ಷರೀಫರ ಗದ್ದುಗೆಯು ಶಿಶುವಿನಹಾಳದಲ್ಲಿದೆ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಾವೇರಿಯನ್ನು ದಾಟಿದ ಮೇಲೆ ಶಿಗ್ಗಾಂವಿ ದೊರೆಯುತ್ತದೆ. ಅಲ್ಲಿಂದ ಗ್ರಾಮಕ್ಕೆ ಹೋಗಬಹುದು. ಗದ್ದುಗೆಯಲ್ಲಿ ಕಾಯಿ ಒಡೆಸುವವರೂ ಸಕ್ಕರೆ ಓದಿಸುವವರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.